ಹಳೇ ವಾಚ್ ಆನ್‌ಲೈನ್‌ನಲ್ಲಿ ಕೊಳ್ಳುವಾಗ ಬೇಸ್ತು ಬೀಳದಿರುವುದು ಹೇಗೆ?

1960ರ ದಶಕದ, ಕೀ ಕೊಡುವ ವಾಚ್ ಒಂದನ್ನು ಕೊಳ್ಳುವ ಆಸೆ. ಎರಡು ತಿಂಗಳಿಂದ ಆನ್‌ಲೈನ್‌ನಲ್ಲಿ ಬರೀ ಫೋಟೊ ನೋಡುತ್ತಿದ್ದೇನೆ. ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ನನ್ನ ಭಯವೂ ಅದೇ. ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡುವುದು ಹೇಗೆ? ಪೆಟ್ಟು ತಿಂದವರು ಯಾರಾದರೂ ಇದ್ದರೆ ಹೇಳಿ.

* * *

ಪೆಟ್ಟು ತಿಂದವರ ಪಟ್ಟಿಯಲ್ಲಿ ನನ್ನನ್ನು ಮೊದಲು ಬರೆದುಕೊಳ್ಳಿ. ನನ್ನ ಮೊದಲ ಹಳೇ ವಾಚ್ ಫೋಟೊದಲ್ಲಿ ನಿನ್ನೆ ತಾನೇ ಡಬ್ಬಿಯಿಂದ ತೆಗೆದ ಹಾಗಿತ್ತು. ಅರವತ್ತು ವರ್ಷದ ಡಯಲ್ ಹಾಲಿನ ಹಾಗೆ ಬೆಳ್ಳಗಿದ್ದರೆ ಖುಷಿಪಡುವುದಲ್ಲ, ಅನುಮಾನಪಡಬೇಕು ಅಂತ ಆಗ ತಿಳಿದಿರಲಿಲ್ಲ. ಬಂದದ್ದು ರೀಡಯಲ್. ಅಂದರೆ ಹಳೇ ಬಣ್ಣ ಕೆರೆದು, ಹೊಸದು ಬಳಿದು, ಮೇಲೆ ಹೆಸರನ್ನು ಮತ್ತೆ ಅಚ್ಚು ಹಾಕಿದ ಡಯಲ್.

ಅದನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ. ಫೋಟೊವನ್ನು ಆದಷ್ಟು ದೊಡ್ಡದು ಮಾಡಿ ಅಕ್ಷರ ನೋಡಿ. ಕಂಪನಿಯ ಅಚ್ಚಿನಲ್ಲಿ ಅಂಚು ಚೂಪಾಗಿರುತ್ತದೆ. ರೀಡಯಲ್‌ನಲ್ಲಿ ಸಾಮಾನ್ಯವಾಗಿ ಶಾಯಿ ಹರಡಿದ ಹಾಗೆ ದಪ್ಪಗಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತಿನ ನೇರಕ್ಕೆ ಬಾರದೆ ಕೂದಲೆಳೆಯಷ್ಟು ಅತ್ತಿತ್ತ ಆಗಿರುತ್ತವೆ. ಸ್ವಿಸ್ ವಾಚಾದರೆ ಆರರ ಕೆಳಗೆ ‘ಸ್ವಿಸ್’ ಅಥವಾ ‘ಸ್ವಿಸ್ ಮೇಡ್’ ಅನ್ನುವ ಸಣ್ಣ ಬರಹ ಇದೆಯಾ ನೋಡಿ, ಮತ್ತೆ ಬಣ್ಣ ಬಳಿಯುವವರು ಅದನ್ನು ಮರೆಯುವುದು ಜಾಸ್ತಿ. ನನ್ನದರಲ್ಲಿ ಈ ಮೂರು ಐಬೂ ಇದ್ದವು, ಫೋಟೊದಲ್ಲೇ ಕಾಣುತ್ತಿದ್ದವು. ನಾನು ಬೆಲೆ ನೋಡುತ್ತಿದ್ದೆ, ಡಯಲ್ ನೋಡಲಿಲ್ಲ. ಈಗ ಅದೇ ಮಾಡೆಲ್‌ನ ಹತ್ತು ವಾಚಿನ ಫೋಟೊ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಹತ್ತರಲ್ಲೂ ಇಲ್ಲದ ಬಣ್ಣ ಹನ್ನೊಂದನೆಯದರಲ್ಲಿ ಕಂಡು, ಸೆಲ್ಲರ್ ಅದನ್ನು ‘ಅಪರೂಪ’ ಅಂತ ಕರೆದರೆ ಅಲ್ಲಿಂದ ಕಾಲು ಕೀಳುತ್ತೇನೆ.

ಮುಳ್ಳುಗಳನ್ನೂ ಬಿಡಬೇಡಿ. ನಿಮಿಷದ ಮುಳ್ಳು ನಿಮಿಷದ ಗೆರೆಗಳ ಹತ್ತಿರ ಹೋಗದೆ ಅರ್ಧದಲ್ಲೇ ನಿಂತಿದ್ದರೆ ಅದು ಬೇರೆ ವಾಚಿನದ್ದು. ಕತ್ತಲಲ್ಲಿ ಹೊಳೆಯುವ ಬಣ್ಣವೂ ಸುಳಿವು ಕೊಡುತ್ತದೆ. 1960ರ ದಶಕದಲ್ಲಿ ರೇಡಿಯಂ ಬಿಟ್ಟು ಟ್ರಿಟಿಯಂಗೆ ಹೋದರು. ಟ್ರಿಟಿಯಂ ಸುಮಾರು 12 ವರ್ಷಕ್ಕೊಮ್ಮೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಿದ್ದಮೇಲೆ ಆ ಕಾಲದ ವಾಚ್ ಈಗಲೂ ರಾತ್ರಿಯಿಡೀ ಝಗಝಗ ಅಂದರೆ ಯಾರೋ ಹೊಸ ಬಣ್ಣ ತುಂಬಿದ್ದಾರೆ. ರೇಡಿಯಂದು ಇನ್ನೊಂದು ಕಥೆ. ಹೊಳಪು ಸತ್ತಿರುತ್ತದೆ, ವಿಕಿರಣ ಸತ್ತಿರುವುದಿಲ್ಲ. ಅದರ ಅರ್ಧಾಯುಷ್ಯ 1,600 ವರ್ಷ. ಅಂಥ ವಾಚನ್ನು ಮನೆಯಲ್ಲಿ ಬಿಚ್ಚಿ ಕೆರೆಯಲು ಹೋಗಬೇಡಿ, ಪುಡಿ ಮೂಗಿಗೆ ಹೋಗುತ್ತದೆ.

ಇಷ್ಟೆಲ್ಲ ಮರೆತರೂ ಒಂದು ನೆನಪಿಡಿ. ಹಿಂಬದಿಯ ಮುಚ್ಚಳ ತೆಗೆದ ಫೋಟೊ ಕೇಳಿ. ತುಕ್ಕು, ತಿರುಪಿನ ತಲೆ ಕಿತ್ತಿರುವುದು, ಬೇರೆ ಕಂಪನಿಯ ಯಂತ್ರ, ಎಲ್ಲ ಅಲ್ಲಿದೆ. ನಾನು ಕೇಳಿದಾಗ ಬಂದ ಉತ್ತರ: ‘ಮುಚ್ಚಳ ತೆಗೆಯುವ ಸಲಕರಣೆ ನನ್ನ ಹತ್ತಿರ ಇಲ್ಲ.’ ಆತ ಆಗ ನಲವತ್ತು ಹಳೇ ವಾಚು ಮಾರಾಟಕ್ಕಿಟ್ಟಿದ್ದ! ಆದರೂ ಕೊಂಡೆ ನೋಡಿ.

* * *

ಮೇಲಿನವರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಜಪಾನಿನ ಸೆಯ್ಕೊ ವಾಚ್ ಆದರೆ ಹಿಂಬದಿಯ ನಂಬರನ್ನು ಓದುವುದು ಕಲಿಯಿರಿ, ಹತ್ತು ನಿಮಿಷದ ಕೆಲಸ. ಎರಡು ಭಾಗದ ನಂಬರಿನಲ್ಲಿ ಮೊದಲ ನಾಲ್ಕು ಅಂಕಿ ಒಳಗಿನ ಯಂತ್ರದ್ದು, ಮುಂದಿನ ನಾಲ್ಕು ಕೇಸಿನದ್ದು, ಅಂದರೆ ಹೊರಕವಚದ್ದು. ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರ್‌ಗೆ ಸೊನ್ನೆ, ನವೆಂಬರ್‌ಗೆ ಎನ್, ಡಿಸೆಂಬರ್‌ಗೆ ಡಿ. ಯಾವ ದಶಕ ಅಂತ ನಂಬರ್ ಹೇಳುವುದಿಲ್ಲ, ಅದನ್ನು ಯಂತ್ರದಿಂದ ತಿಳಿಯಬೇಕು. 6139 ಅನ್ನುವ ಕ್ರೋನೊಗ್ರಾಫ್ (ಸ್ಟಾಪ್‌ವಾಚ್ ಇರುವ ವಾಚು) ಯಂತ್ರ ಬಂದದ್ದೇ 1969ರಲ್ಲಿ. ಅದನ್ನು ‘1967ರ ವಾಚು’ ಅಂತ ಮಾರುವವರಿಗೆ ವಾಚು ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತು.

ನಾನು ಕೊಂಡ ಒಂದರ ಮುಚ್ಚಳದ ಮೇಲೆ 7005 ಅಂತ ಇತ್ತು. ಅದು ಬರೀ ತಾರೀಖು ತೋರಿಸುವ ಯಂತ್ರ. ನನ್ನ ವಾಚು ವಾರವನ್ನೂ ತೋರಿಸುತ್ತಿತ್ತು! ಒಳಗಿದ್ದದ್ದು 7009. ತಲೆ ಒಬ್ಬರದು, ಮುಂಡ ಒಬ್ಬರದು. ಇಂಥದ್ದಕ್ಕೇ ಫ್ರ್ಯಾಂಕನ್ ವಾಚ್ ಅನ್ನುವುದು. ಓಡುತ್ತದೆ ಪಾಪ, ಇನ್ನೂ ಓಡುತ್ತಿದೆ. ಆದರೆ ಕೊಟ್ಟದ್ದು ಅಸಲಿ ವಾಚಿನ ಬೆಲೆ.

* * *

‘ಓಡುತ್ತಿದೆ’ ಅನ್ನುವುದಕ್ಕೆ ಬೆಲೆ ಕೊಡಬೇಡಿ. ಐದು ನಿಮಿಷ ಓಡಿ ನಿಂತರೂ ಅದು ಓಡಿದ್ದೇ. ಟೈಮ್‌ಗ್ರಾಫರ್, ಅಂದರೆ ಟಿಕ್ ಟಿಕ್ ಕೇಳಿ ವಾಚಿನ ಓಟ ಅಳೆಯುವ ಯಂತ್ರ, ಅದರ ಮೇಲಿಟ್ಟ ಫೋಟೊ ಕೇಳಿ. ದಿನಕ್ಕೆ ಎಷ್ಟು ಸೆಕೆಂಡ್ ಹೆಚ್ಚು ಕಡಿಮೆ ಅನ್ನುವುದಕ್ಕಿಂತ ಆಂಪ್ಲಿಟ್ಯೂಡ್ ಮುಖ್ಯ, ಒಳಗೆ ಅತ್ತಿತ್ತ ತಿರುಗುವ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತದೆ ಅನ್ನುವ ಲೆಕ್ಕ. ಪೂರ್ತಿ ಕೀ ಕೊಟ್ಟು, ಡಯಲ್ ಮೇಲೆ ಮಾಡಿ ಇಟ್ಟಾಗ 270ರಿಂದ 300 ಇದ್ದರೆ ಗಟ್ಟಿ. ಹಳೆಯದರಲ್ಲಿ 240 ಇದ್ದರೂ ನಾನು ಬೇಡ ಅನ್ನುವುದಿಲ್ಲ. 200ಕ್ಕಿಂತ ಕೆಳಗೆ ಇಳಿದರೆ ಸರ್ವಿಸ್ ಖರ್ಚು ಸೇರಿಸಿಯೇ ಬೆಲೆ ಕಟ್ಟಿ. ಕೆಲವು ಸಲ ಆ ಖರ್ಚು ವಾಚಿನ ಬೆಲೆಯನ್ನೇ ಮೀರುತ್ತದೆ. ಮೂಗಿಗಿಂತ ಮೂಗುತಿ ಭಾರ. ಅದಕ್ಕೇ ನಾನು ವಾಚ್ ಹುಡುಕುವ ಮೊದಲು ರಿಪೇರಿಯವರನ್ನು ಹುಡುಕಿಕೊಂಡೆ.

* * *

‘ಬ್ಯಾಟರಿ ಹಾಕಿದರೆ ಸಾಕು’ ಅಂತ ಬರೆದಿದ್ದರೆ ನನ್ನದು ಒಂದೇ ಪ್ರಶ್ನೆ. ಅಷ್ಟೇ ಆಗಿದ್ದರೆ ನೀವೇ ಹಾಕಿ ಜಾಸ್ತಿ ಬೆಲೆಗೆ ಮಾರಬಹುದಿತ್ತಲ್ವಾ?

ಬುಲೋವಾ ಅಕ್ಯುಟ್ರಾನ್ ವಿಷಯದಲ್ಲಿ ಇದು ಇನ್ನೂ ನಿಜ. 1960ರಲ್ಲಿ ಬಂದ ಬ್ಯಾಟರಿ ವಾಚ್ ಅದು. ಒಳಗೆ ಸೆಕೆಂಡಿಗೆ 360 ಸಲ ಕಂಪಿಸುವ ಶ್ರುತಿ ಕವಲು (ಟ್ಯೂನಿಂಗ್ ಫೋರ್ಕ್), ಟಿಕ್ ಟಿಕ್ ಇಲ್ಲ, ದುಂಬಿಯ ಹಾಗೆ ಗುಂಯ್ ಅನ್ನುತ್ತದೆ. 300 ಹಲ್ಲಿನ ಪುಟ್ಟ ಚಕ್ರ, ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲು. ಆಗಿನ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. 1.55 ವೋಲ್ಟಿನದು ಹಾಕಿದರೆ ಕೆಲವು ವಾಚು ಹುಚ್ಚು ಹಿಡಿದ ಹಾಗೆ ಮುಂದೆ ಓಡುತ್ತವೆ. ಕಾಯಿಲ್ ಸುಟ್ಟಿದ್ದರೆ ಇನ್ನೊಂದು ವಾಚಿನಿಂದ ಕಿತ್ತು ತರಬೇಕು. ನನ್ನ ಹತ್ತಿರ ಇಂಥದ್ದೊಂದು ಮೂಕವಾಗಿ ಕೂತಿದೆ. ಮಾರಲು ಮನಸ್ಸಿಲ್ಲ, ಮಾರಿದರೆ ನಾನೂ ಅದೇ ವಾಕ್ಯ ಬರೆಯಬೇಕಲ್ಲ.

* * *

ತೀರಾ ಹೆದರಿಸಬೇಡಿ ಮಾರಾಯ್ರೇ. ಪ್ಲಾಸ್ಟಿಕ್ ಗಾಜಿನ ಗೀರು ಉಜ್ಜಿದರೆ ಹೋಗುತ್ತದೆ. ವಾಚು ವಿಪರೀತ ಮುಂದೆ ಓಡಿದರೆ ಒಮ್ಮೊಮ್ಮೆ ಬರೀ ಅಯಸ್ಕಾಂತ ತಾಗಿರುತ್ತದೆ, ಒಂದು ನಿಮಿಷದಲ್ಲಿ ಸರಿ ಮಾಡಬಹುದು. ಅಸಲಿ ಐಬು ಬೇರೆ. ಪಾಲಿಶ್ ಮಾಡಿ ಮಾಡಿ ಕೇಸಿನ ಅಂಚು ಸೋಪಿನ ಹಾಗೆ ಸವೆದಿದ್ದರೆ ಅದನ್ನು ಮತ್ತೆ ತರುವುದು ಬಲು ಕಷ್ಟ. ಚಿನ್ನದ ನೀರು ಕೊಟ್ಟದ್ದಾದರೆ ಪಟ್ಟಿ ಸೇರುವ ಕೊಂಬುಗಳ ಫೋಟೊ ಕೇಳಿ, ಹಿತ್ತಾಳೆ ಅಲ್ಲೇ ಇಣುಕುವುದು. ಅಳತೆಯನ್ನೂ ಕೇಳಿ. ಆಗಿನ ಗಂಡಸರ ವಾಚು 33–35 ಮಿಲಿಮೀಟರ್, ಫೋಟೊದಲ್ಲಿ ತಟ್ಟೆಯಷ್ಟು ದೊಡ್ಡದು ಕಾಣುತ್ತದೆ.

ಕಾಗದಪತ್ರ ಇದೆ ಅಂತ ಮೈಮರೆಯಬೇಡಿ. 2021ರಲ್ಲಿ ಜಿನೀವಾದ ಹರಾಜಿನಲ್ಲಿ ಒಂದು ಹಳೇ ಒಮೆಗಾ ಸ್ಪೀಡ್‌ಮಾಸ್ಟರ್ 30 ಲಕ್ಷ ಸ್ವಿಸ್ ಫ್ರಾಂಕ್‌ಗೂ ಜಾಸ್ತಿಗೆ ಹೋಯಿತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಂಗೆ. 2023ರಲ್ಲಿ ಗೊತ್ತಾಯಿತು, ಅದು ಅಲ್ಲಿ ಇಲ್ಲಿಯ ಭಾಗ ಜೋಡಿಸಿದ್ದು. ತನ್ನ ಮಾಜಿ ನೌಕರರೇ ಇದರಲ್ಲಿದ್ದರು ಅಂತ ಕಂಪನಿ ಹೇಳಿತು. ತಯಾರಿಸಿದವರೇ ಬಿದ್ದ ಹಳ್ಳ ಇದು.

* * *

ದುಡ್ಡಿನ ಬಗ್ಗೆ ಯಾರೂ ಹೇಳಲಿಲ್ಲ. ಮಾರಾಟ ತಾಣದ ಹೊರಗೆ ಕೊಟ್ಟರೆ ಸ್ವಲ್ಪ ಕಡಿಮೆ ಮಾಡುತ್ತೇನೆ ಅಂದರೆ ಒಪ್ಪಬೇಡಿ. ಇವತ್ತಿನ ತಾರೀಖು ಬರೆದ ಚೀಟಿ ಪಕ್ಕದಲ್ಲಿಟ್ಟು, ಮುಳ್ಳನ್ನು ನೀವು ಹೇಳಿದ ಸಮಯಕ್ಕೆ ತಿರುಗಿಸಿ ಫೋಟೊ ಕಳಿಸಲಿ. ವಾಚ್ ಅವರ ಕೈಯಲ್ಲಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಪಾರ್ಸೆಲ್ ಬಿಚ್ಚುವುದನ್ನು ನಿಲ್ಲಿಸದೆ ವಿಡಿಯೊ ಮಾಡಿ. ‘ತಾತನ ವಾಚು, ಮಾರಲು ಮನಸ್ಸಿಲ್ಲ’ ಅನ್ನುವ ಕಾಗಕ್ಕ ಗುಬ್ಬಕ್ಕನ ಕಥೆಗೆ ಬೆಲೆ ಕಟ್ಟಬೇಡಿ.

* * *

ಪ್ರಶ್ನೆ ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಕಣ್ಣಿಟ್ಟಿದ್ದ ಮೂರು ವಾಚಿಗೂ ಒಳಗಿನ ಫೋಟೊ ಕೇಳಿದೆ. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ‘ಬೇಕಾದರೆ ತಗೊಳ್ಳಿ’ ಅಂದರು. ಮೂರನೆಯವರು ಆರು ಫೋಟೊ ಕಳಿಸಿದರು. ಯಂತ್ರ ಚೊಕ್ಕವಾಗಿದೆ, ಮುಚ್ಚಳದ ಒಳಬದಿಯಲ್ಲಿ ಹಿಂದಿನ ರಿಪೇರಿಯವರು ಗೀಚಿದ ನಾಲ್ಕು ಗುರುತುಗಳಿವೆ. ಡಯಲ್ ಅಂಚಿನಲ್ಲಿ ಕಂದು ಕಲೆ, ಗಾಜಿನ ತುಂಬ ಗೀರು. ಹೋದ ವಾರ ಇದನ್ನೇ ‘ಕೊಳಕು’ ಅಂತ ಪಟ್ಟಿಯ ಕೊನೆಗೆ ತಳ್ಳಿದ್ದೆ.