ಜಾಂ-ಜಾಕ್ ಗೋಲ್ಡ್‌ಮನ್ ಬಗ್ಗೆ ಹತ್ತು ನಿಮಿಷ: ಎಲ್ಲಿ ಕತ್ತರಿ ಹಾಕಲಿ?

ಕರ್ವೆನಗರದ ಹುಡುಗ:
ಪುಣೆಯ ರಾನಡೆ ಇನ್‌ಸ್ಟಿಟ್ಯೂಟ್‌ನ ಫ್ರೆಂಚ್ ಕ್ಲಾಸಿನಲ್ಲಿ ಒಬ್ಬ ಫ್ರೆಂಚ್ ಗಾಯಕನ ಬಗ್ಗೆ ಹತ್ತು ನಿಮಿಷ ಫ್ರೆಂಚಿನಲ್ಲೇ ಮಾತಾಡಬೇಕು. ಗೋಲ್ಡ್‌ಮನ್‌ನನ್ನು ಆರಿಸಿಕೊಂಡಿದ್ದೇನೆ. 1981ರಿಂದ 2001ರವರೆಗಿನ ಆಲ್ಬಂಗಳನ್ನು ಸಾಲಾಗಿ ಬರೆದಿಟ್ಟರೆ ಟೆಲಿಫೋನ್ ಡೈರೆಕ್ಟರಿ ಓದಿದಂತಿದೆ. ಯಾವುದು ಇರಲಿ, ಯಾವುದು ಬಿಡಲಿ? ಕ್ಲಾಸಿನಲ್ಲಿ ಯಾರಿಗೂ ಈತನ ಹೆಸರೇ ಗೊತ್ತಿಲ್ಲ.

ಮಾಲತಿ, ಕೋಥ್ರೂಡ್:
ಆಲ್ಬಂ ಪಟ್ಟಿ ಪೂರ್ತಿ ತೆಗೆದುಬಿಡಿ. 'ಐಶಾ' ಹಾಡಿನಿಂದ ಶುರು ಮಾಡಿ, 40 ಸೆಕೆಂಡ್ ಕೇಳಿಸಿದರೆ ಸಾಕು. 1996ರಲ್ಲಿ ಅಲ್ಜೀರಿಯಾದ ಗಾಯಕ ಖಾಲೆದ್ ಹಾಡಿದ್ದು, ಬರೆದವನು ಗೋಲ್ಡ್‌ಮನ್. ಹೆಸರು ಗೊತ್ತಿಲ್ಲದವರಿಗೂ ಆ ರಾಗ ಕಿವಿಗೆ ಬಿದ್ದಿರುತ್ತದೆ.

ಆಮೇಲೆ ಹಿಂದಕ್ಕೆ ಹೋಗಿ: 1951ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟು, ಎಪ್ಪತ್ತರ ದಶಕದಲ್ಲಿ ಇಂಗ್ಲಿಷಿನಲ್ಲಿ ಹಾಡುತ್ತಿದ್ದ ತಾಯ್ ಫೋಂಗ್ ರಾಕ್ ತಂಡ, 1981ರಲ್ಲಿ ಮೊದಲ ಸೋಲೊ ಆಲ್ಬಂ. ಒಂದು ನಿಮಿಷದಲ್ಲಿ ಮುಗಿಸಿ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು 1982ರ 'ಕೊಮ್ ತ್ವಾ' (ನಿನ್ನಂತೆ) ಹಾಡಿನ ಹತ್ತಿರ. ಕಿವಿಗೆ ಲಾಲಿಹಾಡು. ಹಳೆಯ ಫೋಟೋ, ಮಖಮಲ್ಲಿನ ಫ್ರಾಕು, ಶೂಮನ್, ಮೊಟ್ಸಾರ್ಟ್‌ರ ಸಂಗೀತ, ಗೊಂಬೆ. ಎಂಟು ತುಂಬದ ಯಹೂದಿ ಹುಡುಗಿ ಸಾರಾಳ ಬದುಕನ್ನು ಬೇರೆ ಯಾರೋ ಮೊಟಕುಗೊಳಿಸಿದರು ಎನ್ನುವಲ್ಲಿಗೆ ಎದೆ ಝಲ್ಲೆನ್ನುತ್ತದೆ. ನಾಜಿ, ಯುದ್ಧ ಎಂಬ ಪದಗಳು ಹಾಡಿನಲ್ಲಿ ಎಲ್ಲೂ ಇಲ್ಲ, ವಾರ್ಸಾ ಎಂಬ ಊರಿನ ಹೆಸರಷ್ಟೇ ಸುಳಿವು. ಕ್ರಿಯಾಪದಗಳು ಹೆಚ್ಚಿನವು ಆಂಪರ್ಫೆ ರೂಪದಲ್ಲಿವೆ (ಹಿಂದೆ ನಡೆಯುತ್ತಿದ್ದುದನ್ನು ಹೇಳುವ ಭೂತಕಾಲ), ನಿಮ್ಮ ಟೀಚರಿಗೆ ಖುಷಿಯಾಗುತ್ತದೆ.

ಬಸೂ, ಪಿಂಪ್ರಿ:
ಮಾಲತಿ ಅಕ್ಕಾರ ಮಾತು ಬರೋಬ್ಬರಿ ಐತಿ. ಆದ್ರ 1990ರ ಮೂವರ ತಂಡ ಬಿಟ್ರ ಹೆಂಗ್ರಿ? ಅಮೆರಿಕದ ಕರಿಯ ಗಾಯಕಿ ಕ್ಯಾರೋಲ್ ಫ್ರೆಡರಿಕ್ಸ್, ವೇಲ್ಸ್‌ನ ಗಿಟಾರಿಸ್ಟ್ ಮೈಕೆಲ್ ಜೋನ್ಸ್, ನಡುವ ಈತ. ಅವರ ಲೈಡನ್‌ಷ್ಟಾಟ್ ಹಾಡಿನ್ಯಾಗ ಒಬ್ಬೊಬ್ಬರದು ಒಂದೊಂದು ನುಡಿ: ಗೋಲ್ಡ್‌ಮನ್ 1917ರ ಜರ್ಮನಿಯೊಳಗ ಹುಟ್ಟಿದ್ರ, ಜೋನ್ಸ್ ಬೆಲ್‌ಫಾಸ್ಟ್‌ನ್ಯಾಗ ಬೆಳೆದಿದ್ರ, ಫ್ರೆಡರಿಕ್ಸ್ ಜೋಹಾನ್ಸ್‌ಬರ್ಗ್‌ನ ಬಿಳಿಯ ಸಾಹುಕಾರರ ಮನ್ಯಾಗ ಹುಟ್ಟಿದ್ರ ಏನಾಗಿರ್ತಿದ್ರು ಅಂತ. 'ಹಂಗಾಗಿದ್ರ ಹಿಂಗಾಗ್ತಿತ್ತು' ವ್ಯಾಕರಣಕ್ಕ ಇದಕ್ಕಿಂತ ಛಲೋ ಉದಾಹರಣಿ ಸಿಗಂಗಿಲ್ಲ. ಲೈಡನ್‌ಷ್ಟಾಟ್ ಕಲ್ಪಿತ ಊರು, ಮ್ಯಾಪ್‌ನ್ಯಾಗ ಹುಡುಕಬ್ಯಾಡ್ರಿ.

ನಾಲಿಗಿ ತೊಡರೂದು ಇಸವಿ ಹೇಳೂಮುಂದ. 1997ಕ್ಕ ಸಾವಿರ, ಒಂಬತ್ತು ನೂರು, ನಾಲ್ಕು ಇಪ್ಪತ್ತು, ಹದಿನೇಳು ಅಂತ ಹೇಳಬೇಕು. ನಾಲ್ಕೈದು ಇಸವಿ ಬಾಯಿಪಾಠ ಮಾಡ್ರಿ, ಉಳಿದದ್ದು ಬೋರ್ಡ್ ಮ್ಯಾಲೆ ಬರೀರಿ. ಕ್ರಿಯಾಪದ ಎಲ್ಲಾ ವರ್ತಮಾನಕಾಲದಾಗ ಇಡ್ರಿ. ಫ್ರೆಂಚ್‌ನ್ಯಾಗ ಜೀವನಚರಿತ್ರಿ ಹಂಗ ಹೇಳೂ ವಾಡಿಕಿನೂ ಐತಿ, ಭೂತಕಾಲಕ್ಕ ಸಹಾಯಕ ಕ್ರಿಯಾಪದ 'ಎತ್ರ್' ಹಾಕಬೇಕೋ 'ಅವ್ವಾರ್' ಹಾಕಬೇಕೋ ಅನ್ನೂ ತಲಿನೋವೂ ಇಲ್ಲ.

ಶ್ರೀಪಾದ, ಡೊಂಬಿವಲಿ:
ಹಾಡು ಹುಡುಕುವಾಗ ಒಂದು ಗೊಂದಲ ಎದುರಾಗುತ್ತದೆ. ಮೊದಲ ಆಲ್ಬಂಗೆ 'ಡೆಮೊಡೆ', ಎರಡನೆಯದಕ್ಕೆ 'ಮಿನೊರಿತೇರ್' ಎಂದು ಹೆಸರಿಡಲು ಈತ ಹೊರಟಿದ್ದ. ಔಟ್‌ಡೇಟೆಡ್, ಅಲ್ಪಸಂಖ್ಯಾತ ಎಂಬ ಹೆಸರಿನ ಸರಕನ್ನು ಯಾವ ಕಂಪನಿ ತಾನೇ ಮಾರೀತು? ಒಪ್ಪಲಿಲ್ಲ. ಹಾಗಾಗಿ ಅವೆರಡೂ ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರಲ್ಲಿ ಸಿಗುತ್ತವೆ. ಆಲ್ಬಂ ಬಿಟ್ಟು ಹಾಡಿನ ಹೆಸರು ಹಾಕಿ ಹುಡುಕಿ.

ಬೇರೆಯವರಿಗೆ ಬರೆದದ್ದಕ್ಕೆ ಎರಡು ನಿಮಿಷ ಕೊಡಿ. 1986ರಲ್ಲಿ ಫ್ರಾನ್ಸಿನ ರಾಕ್ ಗಾಯಕ ಜಾನಿ ಹ್ಯಾಲಿಡೇಯ 'ಗ್ಯಾಂಗ್' ಆಲ್ಬಂ, 1995ರಲ್ಲಿ ಕೆನಡಾದ ಗಾಯಕಿ ಸೆಲೀನ್ ದಿಯೋನ್‌ಗೆ 'ದೊ' ಆಲ್ಬಂ. ಫ್ರೆಂಚ್ ಭಾಷೆಯ ಆಲ್ಬಂಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಇದೇ. ಹಾಡುಗಾರನಾಗಿ ಮಾತ್ರ ತೋರಿಸಿದರೆ ಅರ್ಧ ಗೋಲ್ಡ್‌ಮನ್ ಹೊರಗೇ ಉಳಿಯುತ್ತಾನೆ.

ಕೊನೆಯಲ್ಲಿ '2002ರಲ್ಲಿ ನಿವೃತ್ತಿ' ಎಂದು ಹೇಳಿ ಕೂರಬೇಡಿ. ಸ್ವಂತ ಟೂರ್ ನಿಂತಿದ್ದು ಆಗ, ನಿಜ. ಆದರೆ ಹಸಿದವರಿಗೆ ಊಟ ಹಾಕುವ ರೆಸ್ತೊ ದ್ಯು ಕರ್ ಸಂಸ್ಥೆಗೆ 1985ರಲ್ಲಿ ಹಾಸ್ಯನಟ ಕೊಲುಶ್ ಕೇಳಿದ್ದಕ್ಕೆ ಹಾಡು ಬರೆದುಕೊಟ್ಟವನು, ಅದರ ಸಹಾಯಾರ್ಥ ಕಾರ್ಯಕ್ರಮಗಳ ಬೆನ್ನಿಗೆ 2016ರವರೆಗೂ ಇದ್ದ. ಪ್ರಶ್ನೋತ್ತರದಲ್ಲಿ ಟೀಚರ್ ಕೇಳುವುದು ಬಹುಶಃ ಇದನ್ನೇ.