ಆಟಿ ಕಷಾಯ, ಹಸಿಮದ್ದು ಮತ್ತು ಆಸ್ಪತ್ರೆ: ಊರಿನವರಿಗೆ ಏನೆಂದು ಹೇಳಬೇಕು?

ಹೊಳೆಬದಿಯವಳು, ಉಡುಪಿ ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಮಹಿಳಾ ಮಂಡಲದಿಂದ ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯವನ್ನೂ ಮೆಂತೆ ಗಂಜಿಯನ್ನೂ ಹಂಚುತ್ತಾ ಬಂದಿದ್ದೇವೆ. ಮೊದಲು ಮನೆಮನೆಯಲ್ಲಿ ಹಿರಿಯರು ಸೂರ್ಯ ಹುಟ್ಟುವ ಮುಂಚೆ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ ತರುತ್ತಿದ್ದರು. ಈಗ ಮರದ ಗುರುತು ಹಿಡಿಯುವವರೇ ಕಡಿಮೆಯಾದ್ದರಿಂದ ಆ ಕೆಲಸ ನಮ್ಮ ಪಾಲಿಗೆ ಬಂದಿದೆ. ಊರಿನಲ್ಲಿ ಗಿಡಮೂಲಿಕೆಯ ಹಸಿಮದ್ದು ಕೊಡುವ ಹಿರಿಯರೊಬ್ಬರಿದ್ದಾರೆ. ಅಜ್ಜ ಎಂದೇ ಎಲ್ಲರೂ ಕರೆಯುತ್ತೇವೆ. ವೀಳ್ಯದೆಲೆ, ಅಡಿಕೆ ಬಿಟ್ಟರೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವವರಲ್ಲ. ಈ ವರ್ಷದ ಕಾರ್ಯಕ್ರಮದಲ್ಲಿ ಅವರಿಂದಲೇ ನಾಲ್ಕು ಮಾತು ಹೇಳಿಸಬೇಕೆಂದು ಮಂಡಲದವರು ನಿಶ್ಚಯಿಸಿದ್ದಾರೆ.

ನನ್ನ ಮನಸ್ಸಿನಲ್ಲಿ ಮಾತ್ರ ಒಂದು ಅಳುಕು ಉಳಿದಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಗದ್ದೆಯ ನೇಜಿ ನೆಡುವ ಕೆಲಸಕ್ಕೆ ಬಂದಿದ್ದ ನೆರೆಮನೆಯ ಅಣ್ಣನಿಗೆ ಜ್ವರ ಬಂದು, ನಾಲ್ಕನೆಯ ದಿನಕ್ಕೆ ಕಣ್ಣು ಹಳದಿಯಾಯಿತು. ಕಾಮಾಲೆ ಎಂದುಕೊಂಡು ನಾನೇ ಅಂಗಳದ ಬದಿಯಿಂದ ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕದಡಿಸಿ ಕೊಟ್ಟೆ. ಐದು ದಿನ ಉಪ್ಪು, ಎಣ್ಣೆ ಬಿಡಿಸಿ ಪಥ್ಯ ಮಾಡಿಸಿದೆವು. ಮೂತ್ರ ನಿಂತುಹೋಗುವ ಹಂತಕ್ಕೆ ಬಂದಾಗ ಆಸ್ಪತ್ರೆಗೆ ಸೇರಿಸಿದರೆ ಅದು ಇಲಿಜ್ವರ ಎಂದು ತಿಳಿಯಿತು. ಡಯಾಲಿಸಿಸ್ ಮಾಡಿಸಿ ಬದುಕಿ ಬಂದರು. ಅವರ ಮನೆಯವರು ಈವರೆಗೆ ನನ್ನನ್ನು ಒಂದು ಮಾತೂ ಆಡಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಕಷಾಯ ಹಂಚುವುದನ್ನು ಮುಂದುವರಿಸಬಹುದೇ? ಹಸಿಮದ್ದು ಎಲ್ಲಿಯವರೆಗೆ, ಆಸ್ಪತ್ರೆ ಎಲ್ಲಿಂದ ಎಂಬುದನ್ನು ಅಜ್ಜನ ಮನಸ್ಸು ನೋಯದಂತೆ ಊರಿನವರಿಗೆ ಹೇಗೆ ತಿಳಿಸಬಹುದು?

ನಿವೃತ್ತ ಆಯುರ್ವೇದ ಅಧ್ಯಾಪಕ

ಅಮ್ಮಾ, ತಾವು ಕೇಳಿದ್ದರಲ್ಲಿ ಮೊದಲನೆಯದು ಮರದ ಗುರುತಿನ ಪ್ರಶ್ನೆ. ಆಟಿ ಅಮಾವಾಸ್ಯೆಯಂದು ಆಗುವ ಅನಾಹುತಗಳು ಪಾಲೆಯ ಕೆತ್ತೆಯಿಂದ ಆಗುವುದಕ್ಕಿಂತ, ಪಾಲೆ ಎಂದುಕೊಂಡು ತಂದ ಬೇರೆ ಮರದ ಕೆತ್ತೆಯಿಂದ ಆಗುವುದೇ ಹೆಚ್ಚು. ನಮ್ಮ ಹಾಡಿಗಳಲ್ಲಿ, ಅಂದರೆ ಊರಬದಿಯ ಕಾಡುಗಳಲ್ಲಿ, ಪಾಲೆಯ ನೆರೆಯಲ್ಲೇ ಕಾಸರಕ ಎಂಬ ವಿಷದ ಮರವೂ ಬೆಳೆಯುತ್ತದೆ. ಅದರ ಬೀಜದಲ್ಲಿಯೂ ತೊಗಟೆಯಲ್ಲಿಯೂ ಇರುವ ಸ್ಟ್ರಿಕ್ನೀನ್ ಮತ್ತು ಬ್ರೂಸೀನ್ ಎಂಬ ವಿಷಗಳು ಮೈಯ ಸ್ನಾಯುಗಳನ್ನು ಸೆಳೆದು ಹಿಡಿದು, ಉಸಿರಾಟವನ್ನೇ ನಿಲ್ಲಿಸಬಲ್ಲವು. ಮಳೆಗಾಲದ ಮುಂಜಾವದ ಕತ್ತಲೆಯಲ್ಲಿ, ಪಾಚಿ ಹಿಡಿದ ಕಾಂಡವನ್ನು ಟಾರ್ಚಿನ ಬೆಳಕಿನಲ್ಲಿ ನೋಡಿ ಇದು ಇಂಥದೇ ಮರವೆಂದು ಹೇಳಲು ನಾನು ನಲವತ್ತು ವರ್ಷ ಪಾಠ ಮಾಡಿದ ಮೇಲೂ ಒಪ್ಪುವುದಿಲ್ಲ.

ಎಲೆಯನ್ನು ನೋಡಬೇಕು. ಪಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಎಲೆಗಳು ಬಿಚ್ಚಿದ ಕೊಡೆಯಂತೆ ಹರಡಿಕೊಂಡಿರುತ್ತವೆ. ಅವು ಹೆಚ್ಚಾಗಿ ಏಳು ಇರುವುದರಿಂದಲೇ ಸಪ್ತಪರ್ಣ ಎಂಬ ಹೆಸರು ಬಂದಿದೆ. ಎಲೆ ಮುರಿದರೆ ಬಿಳಿಯ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ಹೊಳಪಾಗಿರುತ್ತವೆ. ತೊಟ್ಟಿನ ಬುಡದಿಂದಲೇ ಮೂರು ಅಥವಾ ಐದು ನರಗಳು ಎದ್ದು ಕಾಣುತ್ತವೆ, ಹಾಲು ಬರುವುದಿಲ್ಲ. ಹಾಗೆಂದು ಹಾಲು ಬಂದ ಮಾತ್ರಕ್ಕೆ ಪಾಲೆ ಎಂದು ತಿಳಿಯಬಾರದು. ಹೊಳೆಬದಿಯಲ್ಲಿ ಮಾವಿನಕಾಯಿಯಂತಹ ಹಸಿರು ಕಾಯಿ ಬಿಡುವ, ಹೃದಯವನ್ನು ನಿಲ್ಲಿಸುವಷ್ಟು ವಿಷವಿರುವ ಮರದಲ್ಲಿಯೂ ಹಾಲು ಬರುತ್ತದೆ. ನಮ್ಮ ಮನೆಯಲ್ಲಿ ಹಿಂದಿನ ದಿನ ಹಗಲು ಹೊತ್ತಿನಲ್ಲೇ ಹೋಗಿ ಮರಕ್ಕೆ ದಾರ ಕಟ್ಟಿ ಬರುವ ಪದ್ಧತಿಯಿತ್ತು. ಅಜ್ಜಿ ಅದನ್ನು ಮರಕ್ಕೆ ಹೇಳಿ ಬರುವುದು ಎನ್ನುತ್ತಿದ್ದರು. ಆ ದಾರದಿಂದಾಗಿ ಮರುದಿನ ಕತ್ತಲೆಯಲ್ಲಿ ಕೈ ತಪ್ಪುತ್ತಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ಅರ್ಥವಾಯಿತು. ತಾವೂ ದಾರ ಕಟ್ಟಿಸಿ. ಅನುಮಾನವಿದ್ದರೆ ಎಲೆಯಿರುವ ಕೊಂಬೆಯೊಂದನ್ನು ಕುತ್ಪಾಡಿಯ ಆಯುರ್ವೇದ ಕಾಲೇಜಿಗೆ ಒಯ್ದು, ಮದ್ದಿನ ಗಿಡಗಳ ಪಾಠ ಮಾಡುವ ದ್ರವ್ಯಗುಣ ವಿಭಾಗದವರಿಗೆ ತೋರಿಸಿ.

ಪ್ರಮಾಣದ ವಿಷಯದಲ್ಲಿಯೂ ಹಿರಿಯರ ಕೈಯಳತೆಯನ್ನು ಬಿಡಬೇಡಿ. ಬೆಳ್ಳುಳ್ಳಿ, ಒಳ್ಳೆಮೆಣಸು, ಓಮ ಸೇರಿಸಿ ಅರೆದು ಹಿಂಡಿದ ರಸಕ್ಕೆ ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಹಾಕುವಾಗ ಚುಂಯ್ ಎಂದು ಏಳುವ ಆ ಹಬೆಯ ಕಹಿ ವಾಸನೆ ಗೊತ್ತಿರುವವರು ಯಾರೂ ಅದನ್ನು ಲೋಟ ತುಂಬಾ ಕುಡಿಯುವುದಿಲ್ಲ. ಈಗಿನ ಕಾರ್ಯಕ್ರಮಗಳಲ್ಲಿ ಕಾಗದದ ಕಪ್ಪು ತುಂಬಿಸಿ ಕೊಡುವುದನ್ನು ಕಂಡಿದ್ದೇನೆ, ಅದು ಸರಿಯಲ್ಲ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯವರಿಗೆ ಕೊಡಲೇಬೇಡಿ. ಇದನ್ನು ಕುಡಿದರೆ ವರ್ಷವಿಡೀ ಮಲೇರಿಯಾ ಬಾರದು ಎಂದೂ ಮೈಕಿನಲ್ಲಿ ಹೇಳಬೇಡಿ. ಈ ತೊಗಟೆಯನ್ನು ಒಂದು ಕಾಲದಲ್ಲಿ ಕ್ವಿನೈನಿಗೆ ಬದಲಾಗಿ ಚಳಿಜ್ವರಕ್ಕೆ ಬಳಸಿ ನೋಡಿದ್ದುಂಟು, ಆದರೆ ಅದು ಮಲೇರಿಯಾದಿಂದ ಕಾಪಾಡುತ್ತದೆ ಎಂಬುದು ಸಿದ್ಧವಾಗಿಲ್ಲ. ಚೀನಾದಲ್ಲಿ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಆರ್ಟೆಮಿಸಿನಿನ್ ಎಂಬ ಮಲೇರಿಯಾದ ಮದ್ದನ್ನು ಕಂಡುಹಿಡಿದ ಟು ಯುಯು ಅವರಿಗೆ 2015ರಲ್ಲಿ ನೊಬೆಲ್ ಬಂದಿತು. ಅಲ್ಲಿ ಹಳೆಯ ಮಾತನ್ನು ಗೌರವಿಸಿದರು, ಜೊತೆಗೆ ಪರೀಕ್ಷೆಗೂ ಒಡ್ಡಿದರು. ಪಾಲೆಗೆ ಆ ಎರಡನೆಯ ಭಾಗ್ಯ ಇನ್ನೂ ಪೂರ್ತಿ ಒದಗಿಲ್ಲ.

ನೆಲನೆಲ್ಲಿಯ ಕುರಿತೂ ಒಂದು ಮಾತು. ಅಶುದ್ಧ ನೀರಿನಿಂದ ಹರಡುವ ಹೆಪಟೈಟಿಸ್ ಎ ಎಂಬ ಕಾಮಾಲೆ ಬಹುಪಾಲು ಜನರಲ್ಲಿ ವಿಶ್ರಾಂತಿಯಿಂದಲೇ ಕೆಲವು ವಾರಗಳಲ್ಲಿ ಇಳಿಯುತ್ತದೆ. ತಾನಾಗಿ ಹೋಗುವ ಕಾಯಿಲೆಯ ಕೀರ್ತಿಯೆಲ್ಲ ಆಗ ಕೊಟ್ಟ ಮದ್ದಿಗೆ ಸಲ್ಲುತ್ತದೆ. ಹೆಪಟೈಟಿಸ್ ಬಿ ಇರುವವರಿಗೆ ನೆಲನೆಲ್ಲಿಯನ್ನು ಕೊಟ್ಟು ಮದ್ರಾಸಿನಲ್ಲಿ ನಡೆಸಿದ ಅಧ್ಯಯನವೊಂದು 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಾಗ ನಮಗೆಲ್ಲ ಬಹಳ ಸಂಭ್ರಮವಾಗಿತ್ತು. ಬೇರೆ ಕಡೆಗಳಲ್ಲಿ ಮತ್ತೆ ಮಾಡಿ ನೋಡಿದಾಗ ಅಂತಹ ಫಲ ಕಾಣಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಮೊದಲ ಸುದ್ದಿಯನ್ನು ಹೇಳಿದಷ್ಟೇ ಗಟ್ಟಿಯಾಗಿ ಎರಡನೆಯದನ್ನೂ ಹೇಳುತ್ತಿದ್ದೆ.

ಆರೋಗ್ಯ ಸಹಾಯಕಿ, ಬ್ರಹ್ಮಾವರ ಕಡೆ

ಅಕ್ಕಾ, ನಿಮ್ಮ ನೆರೆಮನೆಯ ಅಣ್ಣನ ವಿಷಯ ಓದಿ ಸಂಕಟವಾಯಿತು, ಏಕೆಂದರೆ ಪ್ರತಿ ಮಳೆಗಾಲದಲ್ಲೂ ಇದೇ ರೀತಿಯ ಮನೆಗಳ ಜಗಲಿಯಲ್ಲಿ ನಾನು ಕುಳಿತಿರುತ್ತೇನೆ. ಕಣ್ಣು ಹಳದಿಯಾಗುವುದು ಒಂದು ಲಕ್ಷಣವಷ್ಟೇ, ಅದರ ಹಿಂದೆ ಹಲವು ಕಾಯಿಲೆಗಳಿರಬಹುದು. ಇಲಿಯ ಮೂತ್ರ ಬೆರೆತ ಗದ್ದೆಯ ನೀರು ಕಾಲಿನ ಬಿರುಕಿನಿಂದಲೋ ಗಾಯದಿಂದಲೋ ಮೈ ಸೇರಿದರೆ, ಹೆಚ್ಚಾಗಿ ಒಂದೆರಡು ವಾರದೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ. ಗದ್ದೆ, ತೋಡು, ಹಟ್ಟಿಯ ಕೆಲಸ ಮಾಡಿದವರಿಗೆ ಜ್ವರದ ಜೊತೆಗೆ ಕಾಲಿನ ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು, ಕೆಂಪಾದ ಕಣ್ಣು ಇದ್ದರೆ ಹಳದಿಯಾಗುವವರೆಗೆ ಕಾಯಬಾರದು. ಮೊದಲ ದಿನಗಳಲ್ಲೇ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ ಸಿಕ್ಕಿದರೆ ಸಾಮಾನ್ಯವಾಗಿ ಗುಣವಾಗುವ ಕಾಯಿಲೆ ಇದು. ತಡವಾದರೆ ಮೂತ್ರಪಿಂಡ, ಶ್ವಾಸಕೋಶಗಳಿಗೆ ಇಳಿಯುತ್ತದೆ. ನೀವು ಕೊಟ್ಟ ನೆಲನೆಲ್ಲಿ ಅವರಿಗೆ ವಿಷವಾಗಲಿಲ್ಲ, ಆ ಐದು ದಿನ ಕೈಬಿಟ್ಟುಹೋದದ್ದೇ ಕಷ್ಟಕ್ಕೆ ಕಾರಣವಾಯಿತು.

ಇನ್ನೊಂದು ವಿಷಯವನ್ನು ನಮ್ಮವರ ಕಡೆಯ ತಪ್ಪೆಂದೇ ಹೇಳುತ್ತೇನೆ. ಹಸಿಮದ್ದು ಮಾಡಿದ್ದೀರಾ ಎಂದು ನಾವು ಗದರುವ ಧ್ವನಿಯಲ್ಲಿ ಕೇಳಿದರೆ ಜನ ಇಲ್ಲ ಎನ್ನುತ್ತಾರೆ, ಆಗ ಏನು ಕುಡಿದಿದ್ದಾರೆಂಬುದು ವೈದ್ಯರಿಗೆ ತಿಳಿಯುವುದೇ ಇಲ್ಲ. ಈಗ ನಾನು ಯಾವ ಮದ್ದು ಮಾಡಿದಿರಿ, ಎಷ್ಟು ದಿನವಾಯಿತು ಎಂದಷ್ಟೇ ಕೇಳುತ್ತೇನೆ, ಆಗ ಅವರೇ ಅರೆದ ಗಿಡವನ್ನು ತಂದು ತೋರಿಸುತ್ತಾರೆ. ಪ್ರಾಥಮಿಕ ಆರೋಗ್ಯ ಸೇವೆಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಅಲ್ಮಾ-ಅಟಾ ಘೋಷಣೆಯಲ್ಲೇ ಪ್ರಾಥಮಿಕ ಆರೋಗ್ಯ ಸೇವೆಯ ತಂಡದಲ್ಲಿ ಅಗತ್ಯಕ್ಕೆ ತಕ್ಕಂತೆ ಪಾರಂಪರಿಕ ವೈದ್ಯರೂ ಇರಬೇಕೆಂದು ಹೇಳಲಾಗಿದೆ. ನಿಮ್ಮ ಅಜ್ಜನನ್ನು ನಮ್ಮ ಕೇಂದ್ರದವರು ಹೋಗಿ ಮಾತನಾಡಿಸಿ, ಕಣ್ಣು ಹಳದಿಯಾದವರು ಬಂದರೆ ಮೊದಲು ರಕ್ತ ಪರೀಕ್ಷೆಗೆ ಕಳುಹಿಸಿ ಎಂದು ಕೇಳಿಕೊಂಡರೆ, ಅವರ ಒಂದು ಮಾತು ನಮ್ಮ ಹತ್ತು ಕರಪತ್ರಗಳಿಗಿಂತ ಹೆಚ್ಚು ನಡೆಯುತ್ತದೆ.

ಕಂಕನಾಡಿಯ ಓದುಗ

ನಮ್ಮದು ತಲೆಮಾರುಗಳಿಂದ ಸರ್ಪಸುತ್ತಿಗೆ ಮದ್ದು ಹಾಕುವ ಮನೆ. ತಂದೆಯವರ ಕಾಲದವರೆಗೆ ಬಂದವರನ್ನೆಲ್ಲ ಲೇಪ ಹಚ್ಚಿ ಕಳುಹಿಸುತ್ತಿದ್ದೆವು. ಒಮ್ಮೆ ಹಣೆಯ ಮೇಲೆ ಗುಳ್ಳೆ ಎದ್ದ ಮಹಿಳೆಯೊಬ್ಬರು ನಮ್ಮಲ್ಲಿಗೆ ಮಾತ್ರ ಬಂದು ಹೋದರು, ಆಮೇಲೆ ಅವರ ಆ ಬದಿಯ ಕಣ್ಣಿನ ದೃಷ್ಟಿ ಮಂದವಾಯಿತು. ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈರಾಣು ನಿರೋಧಕ ಮಾತ್ರೆ ಆರಂಭಿಸಿದರೆ ಅದರ ಫಲ ಹೆಚ್ಚೆಂದು ನಮಗೆ ಗೊತ್ತಾದದ್ದು ಆ ನಂತರ. ಈಗ ತಂದೆಯವರು ಯಾರನ್ನೂ ಹಿಂದಕ್ಕೆ ಕಳುಹಿಸುವುದಿಲ್ಲ, ಆದರೆ ಡಾಕ್ಟರರ ಚೀಟಿ ತೋರಿಸಿದ ಮೇಲೆಯೇ ಲೇಪ ಕಲಸುತ್ತಾರೆ. ಮುಖದ ಮೇಲಿದ್ದರೆ ಮುಟ್ಟುವುದೇ ಇಲ್ಲ. ಬರುವವರ ಸಂಖ್ಯೆ ಕಡಿಮೆಯಾಗಿಲ್ಲ. ಅಜ್ಜನಿಗೆ ನೋವಾಗುತ್ತದೆ ಎಂಬ ಭಯ ಬೇಡ, ಅವರನ್ನೇ ಕೇಳಿ: ಯಾವ ಕಾಯಿಲೆಯವರು ಬಂದರೆ ನೀವು ಮದ್ದು ಕೊಡುವುದಿಲ್ಲ? ಅನುಭವವಿರುವ ಮದ್ದಿನವರ ಬಳಿ ಅದಕ್ಕೆ ಉತ್ತರ ಇದ್ದೇ ಇರುತ್ತದೆ.

ಪಡುಬಿದ್ರಿಯಿಂದ

ನನ್ನ ಅಭಿಪ್ರಾಯ ಬೇರೆ. ಮನೆಯವರು ಮನೆಯ ಮರದಿಂದ ಮಾಡುವುದು ಬೇರೆ, ಇನ್ನೂರು ಜನರಿಗೆ ಸಭೆಯಲ್ಲಿ ಹಂಚುವುದು ಬೇರೆ. ಒಂದು ತಪ್ಪು ಕೆತ್ತೆ ಪಾತ್ರೆಗೆ ಬಿದ್ದರೆ ಇಡೀ ಊರು ಆಸ್ಪತ್ರೆಯಲ್ಲಿರುತ್ತದೆ. ಕಷಾಯ ಬಿಟ್ಟು ತಿಮರೆ (ಒಂದೆಲಗ) ಚಟ್ನಿ, ತಜಂಕಿನ ಸೊಪ್ಪಿನ ಪಲ್ಯ, ಪತ್ರೊಡೆ, ಕಣಿಲೆ (ಎಳೆ ಬಿದಿರು) ಉಣಬಡಿಸಿ. ಕಣಿಲೆಯನ್ನು ಹೆಚ್ಚಿ ನೀರಿನಲ್ಲಿ ಹಾಕಿ, ದಿನವೂ ನೀರು ಬದಲಿಸಿ, ಆ ಕಟು ವಾಸನೆ ಹೋದ ಮೇಲೆ ಬೇಯಿಸಬೇಕೆಂಬುದನ್ನು ನಮ್ಮ ತಾಯಂದಿರು ಕಲಿಸಿದರು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ ಎಂಬುದನ್ನು ನಾನು ಎಷ್ಟೋ ವರ್ಷಗಳ ನಂತರ ಓದಿದೆ. ಮಕ್ಕಳಿಗೆ ತೋರಿಸಬೇಕಾದ ಜ್ಞಾನ ಇದು.

ನಿವೃತ್ತ ಆಯುರ್ವೇದ ಅಧ್ಯಾಪಕ

ಪಡುಬಿದ್ರಿಯವರ ಭಯವನ್ನು ಒಪ್ಪುತ್ತೇನೆ, ಪರಿಹಾರವನ್ನು ಒಪ್ಪಲಾರೆ. ಮಂಡಲದವರು ನಿಲ್ಲಿಸಿದರೆ ಜನ ಕುಡಿಯುವುದನ್ನು ನಿಲ್ಲಿಸುವುದಿಲ್ಲ. ಹುಡುಗರು ಕತ್ತಲೆಯಲ್ಲಿ ತಾವೇ ಹಾಡಿಗೆ ಹೋಗುತ್ತಾರೆ. ಹಗಲಿನಲ್ಲಿ ಗುರುತಿಸಿದ ಮರ, ಗುರುತು ಗೊತ್ತಿರುವ ಒಬ್ಬರ ಕೈ, ಸಣ್ಣ ಪ್ರಮಾಣ ಇಷ್ಟಿದ್ದರೆ ಹಂಚುವುದೇ ಮೇಲು.

ಹೊಳೆಬದಿಯವಳು, ಉಡುಪಿ ತಾಲೂಕು

ಎಲ್ಲರಿಗೂ ಕೃತಜ್ಞತೆಗಳು. ಕಂಕನಾಡಿಯವರು ಹೇಳಿದಂತೆ ಇಂದು ಸಂಜೆ ಅಜ್ಜನ ಮನೆಗೆ ಹೋಗಿ ಅದೇ ಪ್ರಶ್ನೆಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾವು ಕಚ್ಚಿದವರಿಗೆ, ಮೂತ್ರ ಕಟ್ಟಿದವರಿಗೆ, ಹೊಟ್ಟೆಯಲ್ಲಿ ಮಗುವಿರುವವರಿಗೆ ತಾನು ಎಂದೂ ಮದ್ದು ಕೊಟ್ಟಿಲ್ಲ ಎಂದರು. ನೆರೆಮನೆಯ ಅಣ್ಣನ ವಿಷಯವನ್ನು ಪೂರ್ತಿಯಾಗಿ ಕೇಳಿದ ಮೇಲೆ, ಮಳೆಗಾಲದ ಹಳದಿಯನ್ನೂ ಆ ಪಟ್ಟಿಗೆ ಸೇರಿಸು ಎಂದು ಅವರೇ ಹೇಳಿದರು. ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹಾಡಿಗೆ ಹೋಗುತ್ತೇವೆ. ಒಂದು ಪಾಲೆಯನ್ನೂ ಒಂದು ಕಾಸರಕವನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿ, ಪಾಲೆಗೆ ಮಾತ್ರ ದಾರ ಕಟ್ಟಲು ಅಜ್ಜ ಒಪ್ಪಿದ್ದಾರೆ. ಬ್ರಹ್ಮಾವರದ ತಂಗಿ, ಆ ದಿನ ನಿಮಗೆ ಬಿಡುವಿದ್ದರೆ ದಯವಿಟ್ಟು ಬನ್ನಿ.