ಆಕ್ಸೆಸ್‌ನಲ್ಲಿ ಮಾಡಿದ ಡೇಟಾಬೇಸ್ ಲಿನಕ್ಸ್‌ಗೆ ಒಯ್ಯುವುದು ಹೇಗೆ?

ಪ್ರಶ್ನೆ:
ನಮಸ್ತೆ ಮೇಡಂ. ನಾನು ಒಂದು ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಪುಸ್ತಕ, ಸದಸ್ಯರು, ಕೊಟ್ಟದ್ದು, ವಾಪಸ್ ಬಂದದ್ದು ಎಲ್ಲ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿದೆ. ಸುಮಾರು ಮೂವತ್ತು ಫಾರ್ಮ್‌ಗಳಿವೆ, ವಿಬಿಎ (ಆಕ್ಸೆಸ್‌ನೊಳಗಿನ ಬೇಸಿಕ್ ಭಾಷೆ) ಕೋಡ್ ನಾನೇ ಬರೆದದ್ದು. ಮೂರು ಜನ ಒಟ್ಟಿಗೆ ಬಳಸುತ್ತೇವೆ. ಈಗ ಎಲ್ಲ ಕಂಪ್ಯೂಟರ್‌ಗಳನ್ನೂ ವಿಂಡೋಸ್‌ನಿಂದ ಲಿನಕ್ಸ್‌ಗೆ ಬದಲಾಯಿಸಬೇಕು. ಲಿಬ್ರೆ ಆಫೀಸ್‌ನ ಡೇಟಾಬೇಸ್ ಪ್ರೋಗ್ರಾಂ ಆದ ಬೇಸ್‌ನಲ್ಲಿ ಹಳೆಯ ಫೈಲ್ ತೆರೆದರೆ ಸಾಕು ಅನ್ನುತ್ತಾರೆ. ನಿಜಾನಾ?

ಉತ್ತರ:
ಇಲ್ಲ ಸರ್, ಅದನ್ನು ನಂಬಿ ಹೊರಡಬೇಡಿ. ಸರಿಯಾದ ಡ್ರೈವರ್ (ಆಕ್ಸೆಸ್ ಫೈಲ್ ಓದಿಸುವ ಜೋಡಣೆ) ಹಾಕಿದರೆ ಬೇಸ್‌ನಲ್ಲಿ ನಿಮ್ಮ ಟೇಬಲ್‌ಗಳು ಕಾಣುತ್ತವೆ. ಫಾರ್ಮ್, ರಿಪೋರ್ಟ್, ವಿಬಿಎ ಯಾವುದೂ ಬರುವುದಿಲ್ಲ. ಆಕ್ಸೆಸ್ ಬಂದದ್ದು 1992ರಲ್ಲಿ. ಅಂದಿನಿಂದಲೂ ಅದು ವಿಂಡೋಸ್‌ಗೆ ಮಾತ್ರ. ಡೇಟಾ, ಕ್ವೆರಿ (ಡೇಟಾ ಹುಡುಕುವ ಆದೇಶ), ಫಾರ್ಮ್, ಕೋಡ್ ಎಲ್ಲ ಒಂದೇ ಫೈಲ್‌ನಲ್ಲಿರುವುದರಿಂದ ಎಲ್ಲವೂ ಒಂದೇ ವಸ್ತು ಅನ್ನಿಸುತ್ತದೆ, ಅಲ್ವಾ? ಸಾಗಿಸುವಾಗ ಅವು ಬೇರೆ ಬೇರೆ. ಡೇಟಾ ಪೂರ್ತಿ ಬರುತ್ತದೆ. ಕ್ವೆರಿಗಳು ತಿದ್ದಿದರೆ ಬರುತ್ತವೆ. ಫಾರ್ಮ್ ಮತ್ತು ಕೋಡ್ ಹೊಸದಾಗಿಯೇ ಬರೆಯಬೇಕು.

ಆದ್ದರಿಂದ ಟೂಲ್ ಯಾವುದು ಅನ್ನುವ ಪ್ರಶ್ನೆ ಆಮೇಲೆ. ಮೊದಲು ಡೇಟಾ ಎಲ್ಲಿರಬೇಕು ಅಂತ ನಿರ್ಧರಿಸಿ. ಒಬ್ಬರೇ ಬಳಸುವುದಾದರೆ ಎಲ್ಲ ಡೇಟಾ ಒಂದೇ ಫೈಲ್‌ನಲ್ಲಿಡುವ ಎಸ್‌ಕ್ಯುಲೈಟ್ ಅಂತಲೇ ಹೇಳುತ್ತಿದ್ದೆ. ಅದರ ಫೈಲ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಹಾಗೇ ತೆರೆಯುತ್ತದೆ. ಆದರೆ ಆ ಫೈಲನ್ನು ಹಂಚಿಕೊಂಡ ಫೋಲ್ಡರ್‌ನಲ್ಲಿಟ್ಟು ಮೂವರು ಬರೆಯುವುದು ಅಪಾಯ. ನೆಟ್‌ವರ್ಕ್ ಮೇಲೆ ಫೈಲ್ ಲಾಕಿಂಗ್ (ಒಬ್ಬರು ಬರೆಯುವಾಗ ಉಳಿದವರನ್ನು ತಡೆಯುವುದು) ನಂಬುವಂತಿಲ್ಲ. ನಿಮಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರ್ ಸರಿ. ಒಂದು ಕಂಪ್ಯೂಟರ್‌ನಲ್ಲಿ ಹಾಕಿದರೆ ಉಳಿದವು ಅದಕ್ಕೆ ಸೇರಿಕೊಳ್ಳುತ್ತವೆ.

ಮುಖ್ಯ ಮಾತು ಇದು: ವಿಂಡೋಸ್ ಇರುವಾಗಲೇ ಡೇಟಾ ಸಾಗಿಸಿ. ಓಡಿಬಿಸಿ (ಬೇರೆ ಡೇಟಾಬೇಸ್‌ಗೆ ಸೇರಿಸುವ ಸಂಪರ್ಕ) ಮೂಲಕ ಪೋಸ್ಟ್‌ಗ್ರೆಸ್ ಟೇಬಲ್‌ಗಳನ್ನು ಆಕ್ಸೆಸ್‌ಗೆ ಲಿಂಕ್ ಮಾಡಿ. ಹಳೆಯ ಫಾರ್ಮ್‌ಗಳು ಬಹುಪಾಲು ಹಾಗೇ ನಡೆಯುತ್ತವೆ, ಹಿಂದೆ ಇರುವ ಡೇಟಾ ಮಾತ್ರ ಹೊಸ ಮನೆಗೆ ಬಂದಿರುತ್ತದೆ. ಆಮೇಲೆ ಒಂದೊಂದೇ ಫಾರ್ಮ್ ಬರೆದುಕೊಳ್ಳಿ. ನಾನು ಒಮ್ಮೆ ಎರಡನ್ನೂ ಒಟ್ಟಿಗೆ ಬದಲಾಯಿಸಲು ಹೋಗಿ, ತಪ್ಪು ಡೇಟಾದಲ್ಲಿದೆಯೋ ಫಾರ್ಮ್‌ನಲ್ಲಿದೆಯೋ ಗೊತ್ತಾಗದೆ ತುಂಬಾ ಒದ್ದಾಡಿದೆ.

ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ ಫೈಲ್) ಮೂಲಕ ಸಾಗಿಸುವುದಾದರೆ ಎಕ್ಸ್‌ಪೋರ್ಟ್ ಮಾಡುವಾಗ ಯುಟಿಎಫ್-8 ಅನ್ನುವ ಅಕ್ಷರ ಸಂಕೇತ ಪದ್ಧತಿ ಆರಿಸಿ. ಮರೆತರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತವೆ.

ಪ್ರಶ್ನೆ:
ಧನ್ಯವಾದ ಮೇಡಂ. ಹಾಗಾದರೆ ಫಾರ್ಮ್‌ಗಳಿಗೆ ಯಾವ ಟೂಲ್? ನನಗೆ ಬೇಸಿಕ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ.

ಉತ್ತರ:
ಮೊದಲು ಎಣಿಸಿ ನೋಡಿ, ಮೂವತ್ತರಲ್ಲಿ ದಿನಾ ತೆರೆಯುವ ಫಾರ್ಮ್ ಎಷ್ಟು? ಐದಾರು ಇದ್ದರೆ ಲಿಬ್ರೆ ಆಫೀಸ್ ಬೇಸ್ ಸಾಕು, ಅದು ನೇರ ಪೋಸ್ಟ್‌ಗ್ರೆಸ್‌ಗೆ ಸೇರುತ್ತದೆ. ಅದರ ಬೇಸಿಕ್ ನಿಮಗೆ ಪರಿಚಿತ ಅನ್ನಿಸುತ್ತದೆ, ಆದರೆ ಫಾರ್ಮ್, ಕಂಟ್ರೋಲ್‌ಗಳ ಹೆಸರು ಮತ್ತು ರೀತಿ ಪೂರ್ತಿ ಬೇರೆ. ಆದರೆ ಡೇಟಾವನ್ನು ಬೇಸ್ ಫೈಲ್‌ನೊಳಗೆ ಇಡಬೇಡಿ. ಅದು ಒಂದು ಜಿಪ್ ಫೈಲ್. ಬರೆಯುವಾಗ ಕರೆಂಟ್ ಹೋದರೆ ಡೇಟಾ ಕಳೆದುಕೊಳ್ಳಬಹುದು.

ಫಾರ್ಮ್ ಜಾಸ್ತಿ ಇದ್ದರೆ, ಕೋಡ್ ಹೆಚ್ಚಿದ್ದರೆ ನನ್ನ ಆಯ್ಕೆ ಲಾಜರಸ್ ಎಂಬ ಪ್ರೋಗ್ರಾಂ ಬರೆಯುವ ಟೂಲ್. ಉಚಿತ. ಬಟನ್ ಎಳೆದು ಫಾರ್ಮ್ ಮೇಲೆ ಇಡುವುದು, ಕ್ಲಿಕ್ ಮಾಡಿದಾಗ ಏನಾಗಬೇಕು ಅಂತ ಬರೆಯುವುದು, ನೀವು ಆಕ್ಸೆಸ್‌ನಲ್ಲಿ ಮಾಡಿದ ಹಾಗೇ. ಭಾಷೆ ಪ್ಯಾಸ್ಕಲ್, ಬೇಸಿಕ್ ಬಂದವರಿಗೆ ಕಷ್ಟ ಆಗುವುದಿಲ್ಲ. ಅದೇ ಕೋಡ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಕಂಪೈಲ್ ಆಗುತ್ತದೆ, ನಾಳೆ ಮತ್ತೆ ಬದಲಾಯಿಸಿದರೂ ಈ ಗೋಳು ಇರುವುದಿಲ್ಲ. ಆಕ್ಸೆಸ್ ಥರದ್ದೇ ಆದ ಫೈಲ್‌ಮೇಕರ್ ಪ್ರೊ ಒಳ್ಳೆಯದೇ, ಆದರೆ ಮ್ಯಾಕ್ ಮತ್ತು ವಿಂಡೋಸ್‌ಗೆ ಮಾತ್ರ. ನಿಮಗೆ ಬೇಡ.

ಪ್ರಶ್ನೆ:
ಡೇಟಾ ಪೋಸ್ಟ್‌ಗ್ರೆಸ್‌ಗೆ ಬಂತು ಮೇಡಂ! ಎರಡು ತೊಂದರೆ. ಹೊಸ ಸದಸ್ಯರನ್ನು ಸೇರಿಸಿದರೆ ಆ ನಂಬರ್ ಆಗಲೇ ಇದೆ ಅನ್ನುತ್ತದೆ. ಸರ್ವರ್‌ನಲ್ಲಿ ನೇರ ಹಾಕಿದ ಹುಡುಕಾಟದ ಕ್ವೆರಿಗೂ ಪುಸ್ತಕ ಸಿಗುತ್ತಿಲ್ಲ.

ಉತ್ತರ:
ಗಾಬರಿ ಬೇಡ ಸರ್. ಆಕ್ಸೆಸ್ ತಾನೇ ಕೊಟ್ಟ ನಂಬರ್‌ಗಳನ್ನು (ಆಟೋನಂಬರ್) ಹಾಗೇ ತುಂಬಿಸಿದ್ದೀರಿ, ಪೋಸ್ಟ್‌ಗ್ರೆಸ್‌ನ ಎಣಿಕೆ ಮಾತ್ರ ಇನ್ನೂ 1ರಲ್ಲೇ ನಿಂತಿದೆ. ಪ್ರತಿ ಟೇಬಲ್‌ಗೂ ಸೆಟ್‌ವಾಲ್ ಫಂಕ್ಷನ್ ಬಳಸಿ ಈಗಿರುವ ದೊಡ್ಡ ನಂಬರ್‌ಗೆ ಏರಿಸಿ. ಹುಡುಕಾಟದ ಕ್ವೆರಿಯಲ್ಲಿ ನಕ್ಷತ್ರ ಚಿಹ್ನೆ (*) ಇದ್ದರೆ ಅದರ ಜಾಗದಲ್ಲಿ % ಹಾಕಿ. ಇಂಗ್ಲಿಷ್ ಹೆಸರುಗಳಿಗೆ ಕ್ವೆರಿಯಲ್ಲಿ ಲೈಕ್ (LIKE) ಬದಲು ಐಲೈಕ್ (ILIKE) ಬರೆಯಿರಿ, ಯಾಕೆಂದರೆ ಪೋಸ್ಟ್‌ಗ್ರೆಸ್‌ನ ಲೈಕ್ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಅಂತಲೇ ನೋಡುತ್ತದೆ. ಎರಡೂ ಮಾಡಿ ಏನಾಯಿತು ಅಂತ ತಿಳಿಸಿ.